ಬಲಮೂಲೆಯ ಟ್ಯಾಂಕ್

"ಕೋಚ್ ಎಲ್ಲಿ ಸಿಗ್ತಾರಮ್ಮ?"

ಬೆನ್ನ ಹಿಂದಿನಿಂದ ಯಾರೋ ಹೀಗೆ ಕೇಳಿದಾಗ ಡ್ರಿಲ್ ಮಿಸ್ ಬಗ್ಗಿಕೊಂಡು ಸುಣ್ಣದ ಪುಡಿಯಲ್ಲಿ ಬಾಸ್ಕೆಟ್‌ಬಾಲ್ ಅಂಕಣದ ಗೆರೆ ಎಳೆಯುತ್ತಿದ್ದಳು. ತಲೆಗೆ ಟವೆಲ್ ಸುತ್ತಿತ್ತು, ಮೊಣಕೈವರೆಗೆ ಬಿಳಿ. ಅರ್ಧಕ್ಕೆ ಬಿಟ್ಟು ಎದ್ದರೆ ಗೆರೆ ಡೊಂಕಾಗುತ್ತದೆ. ಹಾಗಾಗಿ ಅವಳು ತಿರುಗಲಿಲ್ಲ.

"ಗೆರೆ ಎಳೀತಿದಾರೆ. ಐದು ನಿಮಿಷ ಕಾಯಿರಿ."

ಅವನು ಕಾದ. ಕಾಯುತ್ತ ಕಾಯುತ್ತ ವಿಷಯ ತಲೆಗೆ ಹೋಗಿರಬೇಕು. ಅವಳು ಕೈ ಕೊಡವಿಕೊಂಡು ತಿರುಗುವಷ್ಟರಲ್ಲಿ ಅವನ ಕಿವಿಯ ತುದಿ ಕೆಂಪಾಗಿತ್ತು. ನಲವತ್ತರ ಆಸುಪಾಸಿನ ಮನುಷ್ಯ, ಕೊರಳಲ್ಲಿ ಸೀಟಿ. ಅಭ್ಯಾಸ ಪಂದ್ಯಕ್ಕೆ ಬಂದಿದ್ದ ನಗರದ ಶಾಲೆಯ ಕೋಚ್ ಇವನೇ.

"ತಪ್ಪಾಯ್ತು ಮೇಡಂ."

"ಗುರುತು ಸಿಗದಿದ್ದಕ್ಕಾ, ಅಮ್ಮ ಅಂದಿದ್ದಕ್ಕಾ?"

"ಎರಡಕ್ಕೂ."

"ಗುರುತಿನದು ಬಿಡಿ. ಅಮ್ಮ ಅನ್ನಿಸ್ಕೊಳ್ಳೋಷ್ಟು ವಯಸ್ಸು ನನಗೂ ಆಗಿಲ್ಲ, ಅನ್ನೋಷ್ಟು ಚಿಕ್ಕೋರು ನೀವೂ ಅಲ್ಲ ಸರ್."

ಅವನು ನಕ್ಕ. ನಗುವಾಗ ಮೊದಲು ನೆಲ ನೋಡಿ ಆಮೇಲೆ ಎದುರಿಗಿದ್ದವರ ಮುಖ ನೋಡುವ ಅಭ್ಯಾಸ ಅವನಿಗೆ. ಡ್ರಿಲ್ ಮಿಸ್ ಅದನ್ನು ಗಮನಿಸಿದಳು.

ಆ ಅಂಕಣದ ಬಲಮೂಲೆಯಲ್ಲಿ ಶಾಲೆಯ ನೀರಿನ ಟ್ಯಾಂಕ್ ಇತ್ತು. ಟ್ಯಾಂಕ್ ಹಳೆಯದು, ಅಂಕಣ ಹೊಸದು. ಜಾಗ ಸಾಲದೆ ಟ್ಯಾಂಕಿನ ಸಿಮೆಂಟ್ ಕಟ್ಟೆ ಗೆರೆಯ ಒಳಗೆ ಎರಡು ಮೊಳ ನುಗ್ಗಿಕೊಂಡಿತ್ತು. ದೊಡ್ಡ ಹುಡುಗಿಯರ ಅಭ್ಯಾಸವೆಲ್ಲ ಟ್ಯಾಂಕಿನ ಕಡೆಯ ರಿಂಗಿಗೇ. ಇನ್ನೊಂದು ಕಡೆಯ ರಿಂಗ್ ಸಣ್ಣ ತರಗತಿಯವರದು. ಬಲಮೂಲೆಗೆ ಬಂದರೆ ಮೈಯನ್ನು ಹೇಗೆ ಒಳಕ್ಕೆ ಎಳೆದುಕೊಳ್ಳಬೇಕೆಂದು ಊರಿನ ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಗರದವರಿಗೆ ಅದು ಗೊತ್ತಿರಲಿಲ್ಲ. ಇಬ್ಬರು ಹುಡುಗಿಯರು ಕಟ್ಟೆಗೆ ಮಂಡಿ ತಗುಲಿಸಿಕೊಂಡರು. ಅವರಿಗೆ ಎಚ್ಚರಿಕೆ ಹೇಳುತ್ತ ಹಿಂದೆ ಹಿಂದೆ ಹೆಜ್ಜೆ ಇಟ್ಟ ಕೋಚ್ ತಾನೇ ಹೋಗಿ ಭುಜ ಗುದ್ದಿಕೊಂಡ. ಊರಿನ ತಂಡ ಆರು ಅಂಕಗಳಿಂದ ಗೆದ್ದಿತು.

ಡ್ರಿಲ್ ಮಿಸ್ ಒದ್ದೆ ಬಟ್ಟೆ ತಂದುಕೊಟ್ಟಳು. ಅವನು ಭುಜಕ್ಕೆ ಒತ್ತಿಕೊಂಡು ಕಟ್ಟೆಯ ಮೇಲೇ ಕೂತು ಟ್ಯಾಂಕನ್ನು ತಟ್ಟಿದ.

"ನಿಮ್ಮ ಆರನೇ ಆಟಗಾರ್ತಿ ತುಂಬ ಚೆನ್ನಾಗಿ ಆಡ್ತಾಳೆ ಮೇಡಂ. ಜಾಗ ಬಿಟ್ಟು ಕದಲೋದೇ ಇಲ್ಲ."

"ಹತ್ತೊಂಬತ್ತು ವರ್ಷದಿಂದ ಒಂದು ದಿನ ರಜೆ ಹಾಕಿಲ್ಲ."

ಸುತ್ತಲಿನ ಗೋಡೆಯ ಮೇಲೆ ಇನ್ನೂ ಜನ ಕೂತಿದ್ದರು. ಕ್ಷೌರದಂಗಡಿಯವನು ಅಂಗಡಿ ಬಾಗಿಲು ಹಾಕಿ ಬಂದಿದ್ದ. ಹಲ್ಲಿನ ಡಾಕ್ಟರು ಪಂದ್ಯ ಮುಗಿದ ಮೇಲೂ ಯಾರು ಯಾವ ಪಾಸ್ ಕೊಡಬೇಕಿತ್ತೆಂದು ಕೂಗಿ ಹೇಳುತ್ತಿದ್ದರು.

"ನಮ್ಮಲ್ಲಿ ಇಷ್ಟು ಜನ ಬರಲ್ಲ," ಎಂದ ಅವನು. "ಹನ್ನೆರಡು ಹುಡುಗಿಯರು, ಹನ್ನೆರಡು ಬಡಾವಣೆ. ಆಟ ಮುಗೀತಿದ್ದಂಗೆ ಹನ್ನೆರಡು ದಿಕ್ಕಿಗೆ ಹೋಗ್ತಾರೆ. ಒಳ್ಳೆ ಮರದ ನೆಲ ಇದೆ, ಸ್ಕೋರ್‌ಬೋರ್ಡ್ ಇದೆ. ಸೋತರೆ ಯಾರಿಗೂ ಗೊತ್ತಾಗಲ್ಲ. ಗೆದ್ದರೂ ಅಷ್ಟೇ."

"ಇಲ್ಲಿ ಸೋತರೆ ಹಾಲು ಹಾಕೋರು ಬಾಗಿಲಲ್ಲಿ ನಿಂತು ಕಾರಣ ಕೇಳ್ತಾರೆ."

"ಅದು ಒಳ್ಳೇದಾ, ಕೆಟ್ಟದ್ದಾ?"

"ಹಾಲು ಬೇಕಲ್ಲ ಸರ್, ಉತ್ತರ ಕೊಡ್ತೀನಿ."

ಮತ್ತೆ ನೆಲ ನೋಡಿದ, ಮತ್ತೆ ಅವಳ ಮುಖ ನೋಡಿದ. ಈ ಸಲ ಸ್ವಲ್ಪ ಹೆಚ್ಚು ಹೊತ್ತು.

ಅಂದಿನಿಂದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಬರತೊಡಗಿತು. ಮಾತೆಲ್ಲ ಆಟದ್ದೇ. ಅವನ ತಂಡದಲ್ಲಿ ಪ್ರತಿ ಆಟಕ್ಕೂ ಒಂದು ನಂಬರ್. "ಮೂರು" ಅಂದರೆ ಐವರೂ ಮೂರನೇ ಆಟಕ್ಕೆ ತಿರುಗಬೇಕು. ಇವಳ ತಂಡದಲ್ಲಿ ನಂಬರ್ ಇಲ್ಲ. "ಲೇ" ಅಂದರೆ ಎಡಕ್ಕೆ, "ಅಕ್ಕಾ" ಅಂದರೆ ಹಿಂದಕ್ಕೆ. ಅದನ್ನು ಕೇಳಿ ಅವನು ನಕ್ಕಿದ್ದು ಹೊಲಿಗೆಯಂತ್ರದ ಮುಂದಿದ್ದ ಅಮ್ಮನಿಗೂ ಕೇಳಿಸಿತು. ಊರಿನವರಿಗೆಲ್ಲ ಬಟ್ಟೆ ಹೊಲಿದುಕೊಡುವ ಅಮ್ಮ, ಫೋನ್ ಬಂದ ಕೂಡಲೇ ಯಂತ್ರ ನಿಲ್ಲಿಸಿ ಸೂಜಿಗೆ ದಾರ ಪೋಣಿಸುವ ನೆಪ ಮಾಡುತ್ತಿದ್ದಳು.

"ಎಷ್ಟು ಸಲ ದಾರ ಪೋಣಿಸ್ತೀಯಮ್ಮ?"

"ಕಣ್ಣು ಮಂಜು ಕಣೇ. ಕಿವಿ ಚೆನ್ನಾಗಿದೆ."

ಏಳನೇ ಭಾನುವಾರ ಅವನು ಹೇಳಿದ: "ನಮ್ಮ ಶಾಲೇಲಿ ಎರಡನೇ ಕೋಚ್ ಜಾಗ ಖಾಲಿ ಇದೆ. ತಿಂಗಳ ಕೊನೆಯೊಳಗೆ ಹೆಸರು ಕೊಡಬೇಕಂತೆ." ಆಮೇಲೆ, "ಬಂದುಬಿಡಿ."

ಅವಳು "ನೋಡ್ತೀನಿ" ಎಂದು ಫೋನ್ ಇಟ್ಟಳು.

ಬನ್ನಿ ಅಂದಿದ್ದರೆ ಅದು ಕೆಲಸದ ಮಾತು. ಬರ್ತೀರಾ ಅಂದಿದ್ದರೆ ಅದು ಪ್ರಶ್ನೆ. ಬಂದುಬಿಡಿ ಅನ್ನುವುದು ಇವೆರಡೂ ಅಲ್ಲ. ಅದರ ಬಾಲದಲ್ಲಿ ಒಂದು 'ಬಿಡಿ' ಇದೆ. ಏನನ್ನು ಬಿಡಬೇಕು? ಅಮ್ಮನನ್ನೇ, ಹುಡುಗಿಯರನ್ನೇ, ತಾನೇ ಎಳೆದ ಗೆರೆಗಳನ್ನೇ? ಅಷ್ಟಕ್ಕೂ ಕರೆದದ್ದು ಶಾಲೆಯೋ, ಅವನೋ? ಶಾಲೆಯಾದರೆ ಬೇಡ ಅಂದುಬಿಡುವುದು ಸುಲಭ. ಅವನಾದರೆ ಬೇಡ ಅನ್ನಲು ನಾಲಿಗೆ ಏಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಮೂವತ್ತಾರು ವರ್ಷದವಳು ಈ ಒಂದು ಪದವನ್ನು ಮೂರು ವಾರ ಅಗಿದಳು.

"ಬಂದುಬಿಡಿ ಅಂದ್ರೆ ಏನಮ್ಮ ಅರ್ಥ?"

"ಹೇಳಿದೋರನ್ನ ಕೇಳು. ನಾನು ಬಟ್ಟೆ ಹೊಲಿಯೋಳು."

ಆ ತಿಂಗಳ ಕೊನೆಯ ಶನಿವಾರವೇ ಶಾಲಾ ಪಂದ್ಯಾವಳಿಯ ಫೈನಲ್, ನಗರದ ಶಾಲೆಯ ಒಳಾಂಗಣದಲ್ಲಿ. ಎರಡು ತಂಡಗಳು ಇವೇ.

ಮರದ ನೆಲ ಹೊಳೆಯುತ್ತಿತ್ತು. ಊರಿನ ಹುಡುಗಿಯರು ಬೂಟಿನ ಅಡಿಯನ್ನು ಅಂಗೈಯಲ್ಲಿ ಉಜ್ಜಿ ಒಳಗೆ ಬಂದರು. ಗೋಡೆಯ ಮೇಲೆ ಕೂತು ಬೈಯುವವರು ಇಲ್ಲದ್ದಕ್ಕೋ ಏನೋ, ಆಟಕ್ಕೆ ಕಾವು ಬರಲಿಲ್ಲ. ಅರ್ಧ ಆಟಕ್ಕೆ ಇಪ್ಪತ್ತೊಂಬತ್ತು–ಹದಿನೆಂಟು, ನಗರದವರು ಮುಂದೆ. ಆ ಬದಿಯ ಬೆಂಚಿನಿಂದ ಅವನು ಒಮ್ಮೆ ಇತ್ತ ನೋಡಿದ. ಏನೋ ಹೇಳಲಿದ್ದವನ ಮುಖ. ಹೇಳಲಿಲ್ಲ, ತನ್ನ ಹುಡುಗಿಯರ ಕಡೆ ತಿರುಗಿದ.

ಮೂರನೇ ಕಾಲುಭಾಗದಲ್ಲಿ ಡ್ರಿಲ್ ಮಿಸ್‌ಗೆ ಕಂಡಿತು. ತಂಡದ ಓಟಗಾತಿ, ಬಾಯಿ ಮುಚ್ಚದ ಕಾರಣ ಎಲ್ಲರೂ ಗಿಣಿ ಅನ್ನುತ್ತಿದ್ದ ಹುಡುಗಿ, ಚೆಂಡು ತಟ್ಟುತ್ತ ಬಲಕ್ಕೆ ಓಡಿದಳು. ಎದುರಿಗೆ ಯಾರೂ ಇಲ್ಲ. ಮೂಲೆಗೆ ಎರಡು ಹೆಜ್ಜೆ ಇರುವಾಗ ಭುಜ ಒಳಕ್ಕೆ ಎಳೆದುಕೊಂಡು ಸರಕ್ಕನೆ ತಿರುಗಿ ಮೂವರ ನಡುವೆ ಹೋಗಿ ಸಿಕ್ಕಿಬಿದ್ದಳು. ನಗರದ ತಂಡ ಆ ಮೂಲೆಗೆ ಬೆನ್ನು ಹಾಕಿ ನಿಂತಿತ್ತು. ಅಲ್ಲಿ ಕಾವಲೇ ಇರಲಿಲ್ಲ. ಬೇಕೂ ಇರಲಿಲ್ಲ.

ಅವಳು ಟೈಮ್‌ಔಟ್ ಕೇಳಿದಳು.

"ಆ ಮೂಲೇಲಿ ಟ್ಯಾಂಕ್ ಇಲ್ಲ."

ಹುಡುಗಿಯರು ತಿರುಗಿ ನೋಡಿದರು. ನಿಜವಾಗಿಯೂ ಇರಲಿಲ್ಲ.

"ಗೊತ್ತು ಮಿಸ್," ಎಂದಳು ಗಿಣಿ. "ಕಾಲಿಗೆ ಗೊತ್ತಿಲ್ಲ."

"ಹಾಗಾದ್ರೆ ಕಾಲಿಗೂ ಹೇಳು. ಹೋಗಿ ನಿಂತ್ಕೋ ಅಲ್ಲಿ. ಚೆಂಡು ಬರುತ್ತೆ."

ಮೊದಲ ಸಲ ಗಿಣಿ ಆ ಮೂಲೆಯಲ್ಲಿ ನಿಂತಾಗ ಹಿಂದಕ್ಕೆ ಕೈ ಚಾಚಿ ತಡವಿ ನೋಡಿದಳು. ಆಮೇಲೆ ಎಸೆದಳು. ಚೆಂಡು ರಿಂಗಿನ ಅಂಚು ಮುಟ್ಟದೆ ಬಲೆಯೊಳಗೆ ಇಳಿಯಿತು. ಅಲ್ಲಿಂದಲೇ ಇನ್ನೂ ನಾಲ್ಕು ಬಿದ್ದವು. ಆದರೂ ಹೊತ್ತು ಸಾಲಲಿಲ್ಲ. ಐವತ್ತೊಂದು–ನಲವತ್ತೆಂಟು. ನಗರ ಗೆದ್ದಿತು.

ಹುಡುಗಿಯರು ಬಟ್ಟೆ ಬದಲಿಸಲು ಹೋದಾಗ ಅವನು ಬಂದ. ಗೆದ್ದವನ ಹಾಗೆ ಕಾಣಲಿಲ್ಲ.

"ಟ್ಯಾಂಕಿನ ವಿಷಯ ಮೊದಲ ಐದು ನಿಮಿಷದಲ್ಲೇ ಗೊತ್ತಾಗಿತ್ತು," ಎಂದ. "ಮಧ್ಯಂತರದಲ್ಲಿ ಹೇಳಬೇಕು ಅನ್ನಿಸ್ತು. ಹೇಳಲಿಲ್ಲ. ಸಿಟ್ಟಾ?"

"ಹೇಳಿದ್ರೆ ಸಿಟ್ಟಾಗ್ತಿದ್ದೆ. ಅಯ್ಯೋ ಪಾಪ ಅಂತ ಬಿಟ್ಟುಕೊಟ್ಟ ಹಾಗಾಗ್ತಿತ್ತು."

"ಅದಕ್ಕೇ ಹೇಳಲಿಲ್ಲ."

ಇಬ್ಬರೂ ಖಾಲಿ ಅಂಕಣ ನೋಡುತ್ತ ನಿಂತರು. ಯಾರೋ ಒಂದೊಂದಾಗಿ ದೀಪ ಆರಿಸುತ್ತಿದ್ದರು. ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬೆಳಕು ನೆಲಕ್ಕೆ ಬಿತ್ತು. ಅವನ ತೋಳಿಗೂ ಅವಳ ತೋಳಿಗೂ ನಡುವೆ ಒಂದು ಗೇಣು ಜಾಗ. ಇಬ್ಬರೂ ಅದನ್ನು ಹೆಚ್ಚಿಸಲಿಲ್ಲ.

"ನಾನು ಎರಡನೇ ಕೋಚ್ ಆಗೋಕೆ ಬರಲ್ಲ ಸರ್."

"ನೀವು ಟೈಮ್‌ಔಟ್ ಕೇಳಿದಾಗಲೇ ಅಂದ್ಕೊಂಡೆ. ಇವರು ಯಾರಿಗೂ ಎರಡನೆಯೋರಾಗಲ್ಲ ಅಂತ."

"ಬಂದುಬಿಡಿ ಅಂದ್ರಲ್ಲ, ಅದು ಶಾಲೆ ಮಾತಾ?"

ಅವನು ನೆಲ ನೋಡಿದ. ತುಂಬ ಹೊತ್ತು ನೋಡಿದ.

"ಶಾಲೆ ಹೆಸರು ಮುಂದಿಟ್ಟರೆ ಧೈರ್ಯ ಬರುತ್ತೆ ಅಂತ ಇಟ್ಟೆ. ಮಾತು ನನ್ನದೇ."

"ಈಗಷ್ಟೇ ಬರಲ್ಲ ಅಂದೆನಲ್ಲ."

"ಹಾಗಾದ್ರೆ ನಾನೇ ಬರಬೇಕಾಗುತ್ತೆ. ಮೂರು ವಾರ ಯೋಚನೆ ಮಾಡಿದೆ, ಮೂರನೇ ದಾರಿ ಹೊಳೀಲಿಲ್ಲ. ನೀವು ಬೇಡ ಅಂದ್ರೆ ಮಾತ್ರ ಇಲ್ಲೇ ಇರ್ತೀನಿ."

ಅವಳು ಬೆಂಚಿನ ಮೇಲಿದ್ದ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ನಮ್ಮಲ್ಲಿ ಹೊಸಬರು ಬಂದ್ರೆ ಎಲ್ಲರೂ ಕೇಳ್ತಾರೆ, ಯಾಕೆ ಬಂದ್ರಿ ಅಂತ."

"ಏನು ಹೇಳಲಿ?"

"ಇದ್ದದ್ದು ಹೇಳಿ. ಏನು ಹೇಳಿದ್ರೂ ಅವರು ಇನ್ನೆರಡು ಸೇರಿಸ್ಕೋತಾರೆ." ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು. "ಮೊದಲು ನಮ್ಮಮ್ಮನಿಗೆ ಹೇಳಿ. ಅವಳಿಗೆ ಅರ್ಧ ಗೊತ್ತು."

ಬಸ್ಸು ನಗರದ ಕೊನೆಯ ಸಿಗ್ನಲ್ ದಾಟುವವರೆಗೆ ಗಿಣಿ ತಡೆದುಕೊಂಡಳು. ಅವಳ ಮಟ್ಟಿಗೆ ಅದೇ ದೊಡ್ಡದು.

"ಮಿಸ್, ಆ ಸರ್ ಏನಂದ್ರು?"

"ನಮ್ಮೂರಿಗೆ ಬರ್ತಾರಂತೆ."

"ಇನ್ನೊಂದು ಮ್ಯಾಚಿಗಾ?"

"ಅಲ್ಲ," ಎಂದಳು ಡ್ರಿಲ್ ಮಿಸ್. "ಇರೋದಕ್ಕೆ."

ಹನ್ನೊಂದು ಹುಡುಗಿಯರಿದ್ದ ಬಸ್ಸು ಒಮ್ಮೆಲೇ ಸುಮ್ಮನಾಯಿತು. ಆ ಮೌನ ಮುಂದಿನ ತಿರುವಿನವರೆಗೂ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಉಳಿದಷ್ಟು ಹೊತ್ತು, ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿ ಕೂತಳು.