ಪಾರವ್ವಜ್ಜಿಯ ಗ್ಯಾಸ್ ಸಬ್ಸಿಡಿ

ಯಂತ್ರ ಮತ್ತೆ ಕೆಂಪು ದೀಪ ತೋರಿಸಿತು.

“ಇನ್ನೊಂದ್ ಬೆರಳು ಇಡು ಅಜ್ಜಿ,” ಎಂದಳು ಮೊಮ್ಮಗಳು ಇಂದೂ.

ಪಾರವ್ವಜ್ಜಿ ಸೆರಗಿಗೆ ಬೆರಳು ಒರೆಸಿಕೊಂಡು ಗಾಜಿನ ಮೇಲೆ ಒತ್ತಿದಳು. ಮತ್ತೆ ಕೆಂಪು. ರೊಟ್ಟಿ ಬಡಿದು ಬಡಿದು ಅವಳ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಹತ್ತು ಬೆರಳೂ ಮುಗಿದವು.

ಮರಾಠಿ ನಾಡಿನ ಭೋಸರಿಯ ಆ ಗ್ಯಾಸ್ ಏಜೆನ್ಸಿಗೆ ಇಬ್ಬರೂ ಬೆಳಗ್ಗೆ ಒಂಬತ್ತಕ್ಕೇ ಬಂದಿದ್ದರು. ಸಿಲಿಂಡರ್ ತಗೊಂಡಾಗಲೆಲ್ಲ ಸರ್ಕಾರ ಅಜ್ಜಿಯ ಬ್ಯಾಂಕಿಗೆ ಹಾಕುತ್ತಿದ್ದ ಸಬ್ಸಿಡಿ ನಿಂತುಹೋಗಿತ್ತು. ಕೆವೈಸಿ ಮಾಡಿಸಿ, ಅಂದರೆ ನೀವೇ ಪಾರವ್ವ ಎಂದು ಬಂದು ತೋರಿಸಿ ಎಂದು ಮೆಸೇಜ್ ಬಂದಿತ್ತು. ಸಬ್ಸಿಡಿ ನಿಂತ ಮೇಲೆ ಅಜ್ಜಿ ಚಹಾಕ್ಕೆ ಮಾತ್ರ ಗ್ಯಾಸ್ ಹಚ್ಚುತ್ತಿದ್ದಳು. ಮಾರುವ ರೊಟ್ಟಿಗಳನ್ನು ಕಟ್ಟಿಗೆ ಒಲೆಯ ಮೇಲೆ ಸುಡುತ್ತಿದ್ದಳು. ಹೊಗೆ ಕುಡಿದು ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

“ಉದ್ಯಾ ಯಾ, ಆಜಿ,” ಎಂದ ಕೌಂಟರಿನಲ್ಲಿದ್ದ ಸುದೀಪ.

“ನಾಳೆ ಬರ್ರಿ ಅಂತಾರ,” ಎಂದು ಇಂದೂ ಅಜ್ಜಿಗೆ ಹೇಳಿದಳು.

“ನಾಳೆ ಬಂದ್ರ ಬ್ಯಾರೆ ಬೆರಳು ಬರ್ತಾವೇನು? ನಡಿ. ಕಟ್ಟಿಗಿ ಅದಾವ, ಸಾಕು.”

ಇಂದೂ ಕದಲಲಿಲ್ಲ. ಮರಾಠಿಯಲ್ಲಿ ಕೇಳಿದಳು, “ಕಾಕಾ, ಬೆರಳು ಸವೆದವರಿಗೆ ಬೇರೆ ದಾರಿ ಇರಬೇಕಲ್ಲ?”

“ಮೊಬೈಲಿನಲ್ಲಿ ಮುಖ ಸ್ಕ್ಯಾನ್ ಮಾಡಬಹುದು. ಈಗ ರಶ್ ಇದೆ, ನಾಳೆ ನೋಡೋಣ.”

“ನಾಳೆಯೂ ರಶ್ ಇರುತ್ತೆ, ಕಾಕಾ. ನಾವು ಇಲ್ಲೇ ಕೂತಿರ್ತೀವಿ.”

ಅವಳು ಹೋಗಿ ಬೆಂಚಿನ ಮೇಲೆ ಕುಳಿತೇಬಿಟ್ಟಳು. ಅಜ್ಜಿಗೆ ಸಿಟ್ಟು ಬಂತು.

“ಹನ್ನೆರಡಕ್ಕ ನಿನ್ನ ಸಾಲಿ ಅದ. ಮೊದ್ಲ ಏಳು.”

“ಒಂದಿನ ತಪ್ಪಿದ್ರ ಏನಾಗ್ತದ ಅಜ್ಜಿ?”

ಅಜ್ಜಿ ಅವಳ ಪಕ್ಕದಲ್ಲೇ ಕುಳಿತಳು.

“ನನ್ನ ಸಾಲಿನೂ ಒಂದಿನ ಅಂತನ ತಪ್ಪಿತ್ತು. ಆಗ ಗ್ಯಾಸ್ ಎಲ್ಲಿತ್ತು? ರೇಶನ್ ಅಂಗಡ್ಯಾಗ ಸರ್ಕಾರದ್ದು ಚಿಮಣಿ ಎಣ್ಣಿ ಸೋವಿಗೆ ಸಿಗ್ತಿತ್ತು. ನೀಲಿ ಬಣ್ಣದ್ದು.”

“ನೀಲಿ ಯಾಕ?”

“ಬಡವರ ಎಣ್ಣಿ ಅಂತ ಗುರ್ತು. ಯಾರೂ ಕದ್ದು ಮಾರಬಾರ್ದಂತ. ಆದ್ರೂ ಮಾರ್ತಿದ್ರು. ಅವ್ವ ಕೂಲಿಗೆ ಹೋಗಾಕಿ, ನಾ ಡಬ್ಬಿ ಹಿಡ್ಕೊಂಡು ಪಾಳಿ ಹಚ್ಚಾಕಿ. ‘ಸ್ಟಾಕ್ ಇಲ್ಲ, ನಾಳೆ ಬಾ’ ಅಂತಿದ್ರು. ನಾಳೆ ನಾಳೆ ಅನ್ಕೋತ ಮೂರನೇ ಕ್ಲಾಸಿನ ಪರೀಕ್ಷಾ ಹೋತು. ಮತ್ತ ಯಾರೂ ನನ್ನ ಸಾಲಿಗಿ ಕಳಸ್ಲಿಲ್ಲ.”

ಇಂದೂ ಗೋಡೆ ಗಡಿಯಾರ ನೋಡಿದಳು. ಹನ್ನೊಂದೂ ಇಪ್ಪತ್ತು. ಎದ್ದು ಸೀದಾ ಕೌಂಟರಿಗೆ ಹೋದಳು.

“ಕಾಕಾ, ನಾಳೆ ಅನ್ನಬೇಡಿ. ನನಗೆ ಶಾಲೆ ಇದೆ. ಅಜ್ಜಿಯ ಮುಖ ಸ್ಕ್ಯಾನ್ ಆಗದೆ ನಾನು ಹೋಗುವುದಿಲ್ಲ.”

ಸುದೀಪ ಅವಳನ್ನು ನೋಡಿದ. ಮೂಲೆಯಲ್ಲಿ ಕೆಮ್ಮುತ್ತಿದ್ದ ಅಜ್ಜಿಯನ್ನೂ ನೋಡಿದ. ನಿಟ್ಟುಸಿರು ಬಿಟ್ಟು ಮೊಬೈಲ್ ತೆಗೆದ.

ಮೊದಲ ಸಲ ಆಗಲಿಲ್ಲ. ಹೊಗೆಯಿಂದ ಅಜ್ಜಿಯ ಕಣ್ಣುಗಳು ಊದಿಕೊಂಡಿದ್ದವು. ಇಂದೂ ಅವಳನ್ನು ಹೊರಗಿನ ನಲ್ಲಿಗೆ ಕರೆದೊಯ್ದು ಮುಖ ತೊಳೆಸಿದಳು.

“ಈಗ ಕಣ್ಣು ದೊಡ್ಡದು ಮಾಡು. ಹಾಂ, ಒಮ್ಮೆ ಮುಚ್ಚಿ ತೆಗಿ.”

ಮೊಬೈಲಿನಲ್ಲಿ ಹಸಿರು ಗುರುತು ಮೂಡಿತು. “ಝಾಲಂ, ಆಯ್ತು,” ಎಂದ ಸುದೀಪ. “ಮುಂದಿನ ಸಿಲಿಂಡರಿಗೆ ಸಬ್ಸಿಡಿ ಬರುತ್ತೆ.”

ಅಜ್ಜಿ ಇಂದೂಳ ಕೈ ಹಿಡಿದು ಓಡಿದಂತೆಯೇ ನಡೆದಳು. ಶಾಲೆಯ ಗೇಟ್ ಮುಟ್ಟಿದಾಗ ಬೆಲ್ ಹೊಡೆಯುತ್ತಿತ್ತು.

ಪ್ರಾರ್ಥನೆಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಇಂದೂ ತನ್ನ ಜಾಗ ಸೇರಿ ಹಿಂದಿರುಗಿ ನೋಡಿದಳು. ಅಜ್ಜಿ ಗೇಟಿನ ಸರಳು ಹಿಡಿದು ಇನ್ನೂ ಅಲ್ಲೇ ಇದ್ದಳು. ಅವಳ ಕಣ್ಣು ಒಬ್ಬೊಬ್ಬರನ್ನೇ ದಾಟುತ್ತ ಸಾಲಿನ ಕೊನೆಯವರೆಗೂ ಹೋಗಿ ನಿಂತಿತು. ಅಜ್ಜಿ ನೋಡುತ್ತಿರುವುದು ತನ್ನೊಬ್ಬಳನ್ನೇ ಅಲ್ಲ ಎಂದು ಇಂದೂಗೆ ಅನ್ನಿಸಿತು.

ಇಂದೂ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಳು, ಎಣ್ಣೆ ಡಬ್ಬಿ ಹಿಡಿದ ಇನ್ನೊಬ್ಬ ಹುಡುಗಿಗೆ ಜಾಗ ಬಿಟ್ಟಂತೆ.