ಪಕ್ಕದ ಮನೆಯ ಪಂಪು

"ಡಾಕ್ಟ್ರೇ, ಮನೆಯಲ್ಲೂ ಹಲ್ಲು ಕೊರೀತೀರಾ?"

ಬಾಗಿಲು ತೆರೆದ ದಂತವೈದ್ಯ ತಬ್ಬಿಬ್ಬಾದ. ಕೈಯಲ್ಲಿ ಟವೆಲ್ಲು, ಕೆನ್ನೆಯ ಮೇಲೆ ಅರ್ಧ ಒರೆಸಿದ ಸೋಪಿನ ನೊರೆ. ಎದುರಿಗೆ ಪಕ್ಕದ ಫ್ಲಾಟಿನವಳು ನಿಂತಿದ್ದಳು. ಸಿಟ್ಟಿನಲ್ಲಿ ಎದ್ದು ಬಂದವಳ ಕೊರಳಲ್ಲಿ ಹೆಡ್‌ಫೋನ್ ಹಾಗೆಯೇ ಜೋತುಬಿದ್ದಿತ್ತು.

"ನಾನು ಪುಸ್ತಕ ಓದಿ ರೆಕಾರ್ಡ್ ಮಾಡೋಳು," ಎಂದಳು. "ಕಥೇಲಿ ಹುಡುಗಿ ಅಳ್ತಿದ್ರೆ ಹಿಂದೆ ನಿಮ್ಮನೆ ಮೆಷಿನ್ನು ಗುಂಯ್ ಅಂತಿರುತ್ತೆ. ಸ್ಟುಡಿಯೋದವರು ಆಗ್ಲೇ ಎರಡು ಸಲ ವಾಪಸ್ ಕಳಿಸಿದಾರೆ. ಇನ್ನೊಂದು ಸಲ ಬಂತು ಅಂದ್ರೆ ಪುಸ್ತಕ ಬೇರೆಯವರ ಪಾಲು."

ಅವನು ತಲೆ ವಾಲಿಸಿ ಆಲಿಸಿದ. "ನಂಗೇನೂ ಕೇಳಿಸ್ತಿಲ್ಲವಲ್ಲ."

"ದಿನವಿಡೀ ಡ್ರಿಲ್ ಹಿಡಿದೋನಿಗೆ ಎಲ್ಲಿ ಕೇಳಿಸುತ್ತೆ," ಎನ್ನುತ್ತಾ ಅವನ ಅಕ್ಕ ಒಳಗಿನಿಂದ ಬಂದಳು. "ಬಾಮ್ಮ ಒಳಗೆ. ಅದು ಮೀನಿನ ತೊಟ್ಟಿ ಪಂಪು. ಹೇಳೀ ಹೇಳೀ ನನ್ನ ಬಾಯಿ ಒಣಗಿದೆ."

ಕಾಯುತ್ತ ಕೂತವರ ಭಯ ಕಳೆಯಲೆಂದು ಹಳೆಯ ಕ್ಲಿನಿಕ್ಕಿನಲ್ಲಿ ಇಟ್ಟಿದ್ದ ತೊಟ್ಟಿ ಅದು. ಹೊಸ ಕ್ಲಿನಿಕ್ಕಿನಲ್ಲಿ ಜಾಗವಿಲ್ಲದೆ ಮನೆ ಸೇರಿತ್ತು. ಪಕ್ಕದವಳ ಕೋಣೆಯ ಗೋಡೆಗೆ ಒತ್ತಿಕೊಂಡು ಮರದ ಸ್ಟ್ಯಾಂಡು, ಮೇಲೆ ತೊಟ್ಟಿ, ಕೆಳಗಿನ ಹಲಗೆಯಲ್ಲಿ ಗಾಳಿ ಪಂಪು. ಕಿತ್ತಳೆ ಬಣ್ಣದ ಮೀನೊಂದು ಗಾಜಿಗೆ ಮೂತಿಯಿಟ್ಟು ಅವಳನ್ನೇ ನೋಡಿತು. ಅವಳ ಸಿಟ್ಟು ಅರ್ಧ ಇಳಿಯಿತು.

ಆ ಸಂಜೆ ಅವನು ಪಂಪಿಗೆ ಬಟ್ಟೆ ಸುತ್ತಿ ರಟ್ಟಿನ ಡಬ್ಬಿಯೊಳಗಿಟ್ಟ. ಬೆಳಗಾಗುವಷ್ಟರಲ್ಲಿ ಅದು ಕಾದ ಕಾವಲಿಯಂತಾಗಿ ಮೊದಲಿಗಿಂತ ಜೋರಾಗಿ ಗುರುಗುಟ್ಟುತ್ತಿತ್ತು.

"ಜ್ವರ ಬರಿಸಿದಾನೆ ಪಾಪ ಅದಕ್ಕೆ," ಎಂದು ಅಕ್ಕ ಪಕ್ಕದವಳನ್ನು ಕರೆತಂದಳು.

ಅವಳು ಡಬ್ಬಿ ಬಿಚ್ಚಿಸಿ, ಸ್ಟ್ಯಾಂಡಿನ ಮೇಲೆ ಅಂಗೈ ಊರಿದಳು. "ಪಂಪೊಂದೇ ಅಲ್ಲ ಡಾಕ್ಟ್ರೇ, ಮರಾನೂ ನಡುಗ್ತಿದೆ. ಆ ನಡುಕ ಗೋಡೆಗೆ ಹೋಗ್ತಿದೆ. ಇಲ್ಲಿ ಕೈ ಇಟ್ಟು ನೋಡಿ."

ಅವಳ ಬೆರಳುಗಳ ಪಕ್ಕದಲ್ಲೇ ಅವನು ಕೈಯಿಟ್ಟ. "ಹೌದು," ಎಂದ. ಗೊತ್ತಾದ ಮೇಲೂ ಕೈ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ.

ಅರ್ಧ ನೀರು ಖಾಲಿ ಮಾಡಿ, ಮೂವರೂ ಸೇರಿ ಸ್ಟ್ಯಾಂಡನ್ನು ಗೋಡೆಯಿಂದ ಈಚೆ ಎಳೆದರು. ಅದರ ಕಾಲುಗಳಡಿ ರಬ್ಬರ್ ತುಂಡುಗಳು ಬಂದವು, ಪಂಪಿನಡಿ ದಪ್ಪ ಸ್ಪಂಜು. ನೀರು ತುಂಬಿಸಿದ ಮೇಲೆ ಅವಳು ತನ್ನ ಕೋಣೆಗೆ ಹೋಗಿ ಮೈಕ್ ಮುಂದೆ ಕೂತಳು. ಅವನು ಇತ್ತ ಕಡೆಯಿಂದ ಫೋನ್ ಮಾಡಿದ.

"ಈಗ?"

"ಸಣ್ಣಗೆ ಕಟಕಟ ಅಂತಿದೆ."

"ಪೈಪು ಗಾಜಿಗೆ ತಾಗ್ತಿದೆ, ಇರಿ. ಈಗ?"

"ನೀರು ಗಳಗಳ ಬೀಳ್ತಿದೆ."

ನೀರು ಬೀಳುತ್ತಿದ್ದ ಫಿಲ್ಟರಿನ ಬಾಯಿ ಮುಟ್ಟುವವರೆಗೂ ಅವನು ತೊಟ್ಟಿಗೆ ನೀರು ಸುರಿದ. "ಈಗ?"

"ಈಗ ನಿಮ್ಮ ಉಸಿರು ಮಾತ್ರ ಕೇಳಿಸ್ತಿದೆ."

"ಅದನ್ನೂ ನಿಲ್ಲಿಸ್ಲಾ?"

"ಬೇಡ," ಎಂದಳು. "ಅದಿರಲಿ."

ಮತ್ತೆ ಓದಿ ಕಳಿಸಿದ ಅಧ್ಯಾಯಗಳನ್ನು ಸ್ಟುಡಿಯೋದವರು ಒಪ್ಪಿದರು. ಅಲ್ಲಿಗೆ ಪಕ್ಕದ ಮನೆಗೆ ಹೋಗಲು ಅವಳಿಗೆ ನೆಪವೇ ಉಳಿಯಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಅವನು, "ಶಬ್ದ ಏನಾದ್ರೂ?" ಎಂದು ಕೇಳುತ್ತಿದ್ದ. ಇದೆ ಎಂದುಬಿಡಲೇ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. "ಏನಿಲ್ಲ," ಎನ್ನುತ್ತಿದ್ದಳು. "ಒಳ್ಳೇದಾಯ್ತು," ಎನ್ನುತ್ತಿದ್ದ ಅವನು, ಸಪ್ಪೆ ಮುಖ ಮಾಡಿಕೊಂಡು.

ಒಂದು ಭಾನುವಾರ ಮಧ್ಯಾಹ್ನ ಅವಳು ಕೊನೆಯ ಅಧ್ಯಾಯ ಓದಲು ಕೂತಿದ್ದಳು. ರೆಕಾರ್ಡಿಂಗ್ ಶುರುವಾಗಿತ್ತು. ಇನ್ನೇನು ಬಾಯಿ ತೆರೆಯಬೇಕು, ಹೆಡ್‌ಫೋನಿನಲ್ಲಿ ಗೋಡೆಯಾಚೆಯಿಂದ ಅಕ್ಕನ ದನಿ ಬಂತು.

"ಪುಟ್ಟು, ಆ ಸ್ಪಂಜ್ ಯಾಕೋ ತೆಗೆದೆ? ಗುಂಯ್ ಅಂದ್ರೆ ಬೈಯ್ಯೋಕಾದ್ರೂ ಬರ್ತಾಳೆ ಅಂತಾನಾ?"

"ತೆಗೆದಿದ್ದೆ ಅಕ್ಕ. ಮತ್ತೆ ಅಲ್ಲೇ ಇಟ್ಟೆ. ಅವಳ ಕೆಲಸ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

"ಹಾಗಾದ್ರೆ ಹೋಗಿ ಹೇಳು."

"ಇಷ್ಟ ಆಗ್ಬಿಟ್ಟಿದಾಳೆ ಅಕ್ಕ, ಹೇಳೋಕೇ ಬರ್ತಿಲ್ಲ. ಬಾಯಿ ತೆಗೀರಿ ಅಂತ ಊರಿಗೆಲ್ಲ ಹೇಳ್ತೀನಿ, ಅವಳೆದುರು ನನ್ನ ಬಾಯೇ ಕಟ್ಟೋಗುತ್ತೆ."

ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. ಆಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಅವನ ಮನೆಯ ಬೆಲ್ ಒತ್ತಿದಳು.

"ರೆಕಾರ್ಡಿಂಗಲ್ಲಿ ಮತ್ತೆ ಶಬ್ದ ಬಂದಿದೆ."

ಅವನ ಮುಖ ಬಿಳಿಚಿಕೊಂಡಿತು. "ಸ್ಪಂಜು ಅಲ್ಲೇ ಇದೆಯಲ್ಲ."

"ಪಂಪಿನದಲ್ಲ." ಅವಳೇ ಅವನ ಕಿವಿಗೆ ಹೆಡ್‌ಫೋನ್ ಇಟ್ಟಳು. ಕೇಳುತ್ತಾ ಕೇಳುತ್ತಾ ಅವನ ಕುತ್ತಿಗೆ ಕೆಂಪೇರಿತು. ತನಗೆ ಒಳಗೇನೋ ಕೆಲಸವಿದೆಯೆಂದು ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು.

"ಅಳಿಸ್ಬಿಡ್ತೀರಾ?" ಅವನ ದನಿ ಸಣ್ಣದಾಗಿತ್ತು.

"ಪುಸ್ತಕದಿಂದ ಅಳಿಸ್ಲೇಬೇಕು. ಅದಕ್ಕೇ, ಎದುರಿಗೇ ಒಂದು ಸಲ ಹೇಳಿಬಿಡಿ."

ಅವನು ಹೆಡ್‌ಫೋನ್ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ."

"ನಂಗೂ," ಎಂದಳು. ಸಲೀಸಾಗಿ ಹೇಳಬೇಕೆಂದುಕೊಂಡಿದ್ದಳು, ದನಿ ನಡುಗಿತು. "ಕೊನೇ ಅಧ್ಯಾಯ ಓದೋದಿದೆ. ಬಂದು ಕೂತ್ಕೋತೀರಾ?"

ಯಾರನ್ನೂ ಬಿಟ್ಟುಕೊಳ್ಳದ ಆ ಪುಟ್ಟ ಕೋಣೆಯಲ್ಲಿ ಅವನು ನೆಲದ ಮೇಲೆ ಮಂಡಿ ಮಡಚಿ ಕೂತ. ಮೊದಲ ವಾಕ್ಯಕ್ಕೇ ಅವಳಿಗೆ ನಗು ಬಂತು. ಮತ್ತೆ ಶುರುಮಾಡಿದಳು, ಮತ್ತೆ ನಗು. ತನ್ನಿಂದ ತೊಂದರೆಯೆಂದು ಅವನು ಮೇಲೇಳಹೊರಟ. ಅವಳು ಅವನ ತೋಳು ಹಿಡಿದು ಕೂರಿಸಿದಳು. ಮೈಕ್ ಆಫ್ ಮಾಡಿ, ಅವನ ಪಕ್ಕದಲ್ಲೇ ಗೋಡೆಗೊರಗಿ ಕೂತು, ಅಧ್ಯಾಯವನ್ನು ಮೊದಲು ಅವನೊಬ್ಬನಿಗೇ ಓದಿ ಹೇಳತೊಡಗಿದಳು.