ಬಿಡದೆ ಹಿಡಿದ ಸ್ವರ

"ಅಯ್ಯೋ, ನಿಮ್ಮೂರಿನ ಟೇಪು ಸಿಕ್ಕಿಹಾಕಿಕೊಂಡಿದೆ! ಯಾರೂ ಸರಿ ಮಾಡಿಸಲ್ವಾ?"

ಲಿಗಾಯಾ ಹಾಗೆಂದು ನಕ್ಕೇಬಿಟ್ಟಳು.

ಆಗಷ್ಟೇ ಅವಳು ಕಾಮೊಸೆ ಬಂದರಿನಲ್ಲಿ ಬಸ್ಸಿಳಿದಿದ್ದಳು. ಬೆನ್ನಿಗೆ ಪಿಟೀಲಿನ ಪೆಟ್ಟಿಗೆ, ಕೈಯಲ್ಲೊಂದು ಸೂಟ್‌ಕೇಸು. ಸಂಜೆ ಐದಾಗಿತ್ತು. ಬೀದಿಬೀದಿಯ ಕಂಬಗಳ ಮೇಲಿದ್ದ ಧ್ವನಿವರ್ಧಕಗಳೆಲ್ಲ ಒಟ್ಟಿಗೇ, ಆಡುವ ಮಕ್ಕಳನ್ನು ಮನೆಗೆ ಕರೆಯುವ ರಾಗ ಶುರು ಮಾಡಿದ್ದವು. ಜಪಾನಿನ ಎಷ್ಟೋ ಊರುಗಳಲ್ಲಿ ಇದು ಇದ್ದದ್ದೇ. ಆದರೆ ಇಲ್ಲಿ, ಹಳೆಯ ಆರ್ಗನ್ನಿನ ದನಿ ನಡುವಿನ ಒಂದು ಸ್ವರಕ್ಕೆ ಬಂದು ನಿಂತುಬಿಟ್ಟಿತು... ಮುಂದಕ್ಕೆ ಹೋಗಲೊಲ್ಲದು!

ಅವಳನ್ನು ಕರೆದೊಯ್ಯಲು ಪುರಸಭೆಯಿಂದ ಬಂದಿದ್ದ ಯುವಕ, ಸೂಟ್‌ಕೇಸಿಗೆ ಚಾಚಿದ್ದ ಕೈಯನ್ನು ಹಾಗೇ ತಡೆದ. ಅವನ ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ ಸಮುದ್ರದ ಕಡೆ ನೋಡಿ, ಆಮೇಲೆ ಸೊಂಟ ಬಗ್ಗಿಸಿ ವಂದಿಸಿದ.

"ಕ್ಷಮಿಸಿ. ತುಂಬಾ ಹಳೇದು. ಕೇಳೋರಿಗೆ ತೊಂದರೆ ಆಗುತ್ತೆ."

ಅವನ ಹೆಸರು ಇಕುಮಾ ಸೋಸುಕೆ; ಮರ್ಯಾದೆಗೆ ಕರೆಯುವುದಾದರೆ ಇಕುಮಾಸಾನ್. ಊರಿನ ಧ್ವನಿವರ್ಧಕ, ಬಿರುಗಾಳಿಯ ಮುನ್ನೆಚ್ಚರಿಕೆ, ಭೂಕಂಪದ ತಾಲೀಮು ಎಲ್ಲ ಅವನ ಪಾಲಿನ ಕೆಲಸ.

ಅಷ್ಟರಲ್ಲಿ ಸ್ವರ ಮುಂದೆ ಸಾಗಿ ರಾಗ ಮುಗಿಯಿತು. ಮನೆಮನೆಯ ಬಾಗಿಲು ಸರಿದ ಸದ್ದು, ಒಳಗೋಡಿದ ಮಕ್ಕಳ ಕೂಗು.

"ಬಂದೆ!"

"ಬಂದ್ಯಾ!"

ಬೀದಿಯುದ್ದಕ್ಕೂ ಅದೇ ಕೂಗು, ಅದೇ ಉತ್ತರ. ಲಿಗಾಯಾಳ ನಗು ಅಲ್ಲೇ ಆರಿಹೋಯಿತು. ಫಿಲಿಪ್ಪೀನ್ಸಿನ ಇಲೋಯಿಲೋದ ಮನೆ ಬಿಟ್ಟು ಈ ದೇಶಕ್ಕೆ ಬಂದ ಮೇಲೆ, ಬಾಗಿಲು ತೆರೆದು 'ಬಂದೆ' ಎನ್ನಲು ಅವಳಿಗೆ ಯಾರೂ ಇರಲಿಲ್ಲ.

ಒಸಾಕಾದ ಹೋಟೆಲುಗಳಲ್ಲಿ ಅವಳು ವರ್ಷಗಟ್ಟಲೆ ಬಿಳಿ ಗೌನು ತೊಟ್ಟು, ಹೆಸರು ಗೊತ್ತಿಲ್ಲದವರ ಮದುವೆಗಳಿಗೆ ಪಿಟೀಲು ನುಡಿಸಿದ್ದಳು. ಬಾಡಿಗೆಗೆ ಮನೆ ಕೇಳಿದರೆ, ಹೆಗಲ ಮೇಲಿನ ಪೆಟ್ಟಿಗೆ ನೋಡಿ 'ಯೋಚಿಸಿ ಹೇಳ್ತೀವಿ' ಎಂದ ಮಾಲೀಕರು ಮತ್ತೆ ಫೋನ್ ಮಾಡಿದ್ದೇ ಇಲ್ಲ. ಕಾಮೊಸೆಯ ಸಂಸ್ಕೃತಿ ಭವನಕ್ಕೆ ಸಂಗೀತ ಕಲಿಸುವವರು ಬೇಕೆಂದು ತಿಳಿದಾಗ ಅವಳು ಹಿಂದೆಮುಂದೆ ನೋಡದೆ ಹೊರಟುಬಂದಿದ್ದಳು.

ಇಲ್ಲಿ ಮಹಡಿಯ ಕೋಣೆ ಕೊಟ್ಟ ಫುಸಾಯೆ ಅಜ್ಜಿ ಪೆಟ್ಟಿಗೆ ನೋಡಿ ಹೇಳಿದ್ದು ಒಂದೇ ಮಾತು. "ನುಡಿಸಿಕೋ ತಾಯಿ. ಇಲಿ ಓಡಾಡೋ ಸದ್ದಿಗಿಂತ ವಾಸಿ."

ಸೋಸುಕೆ ಮಾತಿನ ಮನುಷ್ಯನಲ್ಲ. ಆದರೆ ಹಿಮ ಬಿದ್ದ ಬೆಳಿಗ್ಗೆ ಅವಳು ಏಳುವ ಮೊದಲೇ ಮೆಟ್ಟಿಲು ಸ್ವಚ್ಛವಾಗಿರುತ್ತಿತ್ತು. ಬಾಗಿಲ ಹಿಡಿಗೆ ಒಣಮೀನಿನ ಪೊಟ್ಟಣ ನೇತಾಡುತ್ತಿತ್ತು. ಸಂಜೆ ಭವನದಲ್ಲಿ ಹೆಂಗಸರ ಮೇಳಕ್ಕೆ ಹಾಡು ಕಲಿಸುವಾಗ, ಹಿಂದಿನ ಕುರ್ಚಿಯಲ್ಲಿ ಬಂದು ಕೂತು ಮುಗಿಯುವ ತನಕ ಕೇಳುತ್ತಿದ್ದ.

"ನಿಮಗೆ ಹಾಡೋಕೆ ಬರುತ್ತಾ, ಇಕುಮಾಸಾನ್?"

"ಇಲ್ಲ ಟೀಚರ್. ಬಾಗಿಲು ಹಾಕೋದು ನನ್ನ ಕೆಲಸ."

"ಬಾಗಿಲು ಹಾಕೋಕೆ ಇಷ್ಟು ಬೇಗ ಬರಬೇಕಾ?"

ಅವನ ಕಿವಿ ಕೆಂಪಾಯಿತು. ಲಿಗಾಯಾ ತುಟಿ ಕಚ್ಚಿ ನಗು ತಡೆದಳು. ಒಮ್ಮೆ ಚಳಿಗೆ ಮರಗಟ್ಟಿದ ಅವಳ ಬೆರಳುಗಳನ್ನು ಅವನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. ಆವತ್ತು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

'ಇವನು ಒಂದು ಸಲ ಬಾಯಿ ಬಿಟ್ಟು ಹೇಳಿದರೆ ಸಾಕು... ನಾನು ಈ ಊರಿನವಳೇ ಆಗಿಬಿಡುತ್ತೇನೆ.'

ಎರಡನೆಯ ಚಳಿಗಾಲದಲ್ಲಿ ಅವನು ಭವನಕ್ಕೆ ಬಂದು ಅವಳ ಮುಂದೆ ನಿಂತ.

"ಸಂಜೆ ಐದಕ್ಕೆ ಹಾಕೋ ಟೇಪು ಸವೆದುಹೋಗಿದೆ. ಹೊಸದಾಗಿ ನೀವು ನುಡಿಸಿಕೊಡ್ತೀರಾ?"

"ನಾನಾ! ಹೇಗೆ ನುಡಿಸ್ಲಿ?"

ಅವನು ತುಸು ತಡೆದ. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ."

ಅಷ್ಟು ನಂಬಿಕೆಯೇ! ಲಿಗಾಯಾ ಮನಸ್ಸಿಟ್ಟು ಅಭ್ಯಾಸ ಮಾಡಿದಳು. ನಡುವೆ ಸಿಕ್ಕಿಕೊಳ್ಳುತ್ತಿದ್ದ ಸ್ವರವನ್ನು ಅದರ ಅಳತೆಗೆ ತಂದಳು. ತಾಳ ಎಲ್ಲೂ ಎಡವಲಿಲ್ಲ. ರೆಕಾರ್ಡ್ ಮಾಡಿದ ದಿನ ಊರಿಗಾಗಿ ಅಲ್ಲ, ಎದುರಿಗೆ ಕೂತ ಸೋಸುಕೆಗಾಗಿ ನುಡಿಸಿದಳು. ಎರಡು ವರ್ಷ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಅದರಲ್ಲಿ ಸುರಿದಳು.

ಸೋಸುಕೆ ಮೊಣಕಾಲ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ಕೇಳಿದ. ಎದ್ದಾಗ ಅವನ ಕಣ್ಣು ಕೆಂಪಾಗಿದ್ದವು. ತನ್ನ ಮನಸ್ಸು ಅವನಿಗೆ ಮುಟ್ಟಿತೆಂದೇ ಅವಳು ತಿಳಿದಳು.

"ಬಹಳ ಚೆನ್ನಾಗಿದೆ. ಶ್ರಮ ತಗೊಂಡ್ರಿ," ಎಂದು ವಂದಿಸಿ ಹೊರಟುಹೋದ.

ಮರುದಿನದಿಂದ ಹಿಂದಿನ ಕುರ್ಚಿ ಖಾಲಿ.

ಸಂಜೆ ಐದಕ್ಕೆ ಅವಳು ಪಾಠ ನಿಲ್ಲಿಸಿ, ಭವನದ ದಪ್ಪ ಕಿಟಕಿ ತೆರೆದು ತನ್ನ ಪಿಟೀಲು ಊರಿನ ಮೇಲೆಲ್ಲ ಹರಿಯುವುದನ್ನು ಕೇಳುತ್ತಿದ್ದಳು. ಮೀನಂಗಡಿಯಾಕೆ, "ಎಷ್ಟು ಚೆಂದ ನುಡಿಸಿದ್ದೀರಿ ಟೀಚರ್! ನಮ್ಮೂರಿಗೆ ಇದು ಹೆಚ್ಚೇ ಆಯ್ತು," ಎಂದಳು. ಮೇಳದ ಹೆಂಗಸರೆಲ್ಲ ಕೈಹಿಡಿದು ಹೊಗಳಿದರು. ಸೋಸುಕೆ ಮಾತ್ರ ಕಾಣಲಿಲ್ಲ. ಮೆಟ್ಟಿಲ ಮೇಲಿನ ಹಿಮ ದಿನವೂ ಮಾಯವಾಗುತ್ತಿತ್ತು. ಅದೂ ಪುರಸಭೆಯ ಕೆಲಸವೇ ಇರಬೇಕು ಎಂದುಕೊಂಡಳು.

ಕೆಲವು ದಿನ ಕಳೆದು, ಒಂದು ಸಂಜೆ ಕಿಟಕಿ ತೆರೆದವಳು ಹಾಗೇ ನಿಂತಳು.

ಹಳೆಯ ಆರ್ಗನ್! ಕರಕರ ಸದ್ದಿನ ಅದೇ ಸವೆದ ಟೇಪು. ಅದೇ ಸ್ವರಕ್ಕೆ ಬಂದು ಅದೇ ರೀತಿ ನಿಂತಿತು.

ಅವಳು ತಿರುಗಿ ನೋಡಿದಳು. ಹಾಡುವ ಹೆಂಗಸರೆಲ್ಲ ಪುಸ್ತಕದಲ್ಲಿ ಮುಖ ಹುದುಗಿಸಿದ್ದರು. ಹೊಗಳಿದ ಬಾಯಿಗಳೆಲ್ಲ ಈಗ ಮುಚ್ಚಿಕೊಂಡಿದ್ದವು.

ಅವಳು ಕೋಟೂ ಹಾಕದೆ ಪುರಸಭೆಗೆ ಓಡಿದಳು.

"ನನ್ನದನ್ನ ತೆಗೆದುಹಾಕಿದ್ರಾ?"

ಸೋಸುಕೆ ಮೇಜಿನಿಂದ ಎದ್ದು ನಿಂತ. "ಹೌದು. ಟೇಪು ಬದಲಾಯಿಸಿದ್ದು ನಾನೇ. ಕ್ಷಮಿಸಿ."

"ಚೆನ್ನಾಗಿರಲಿಲ್ಲ ಅಂತ ಮುಖಕ್ಕೆ ಹೇಳೋಕೆ ಏನಾಗಿತ್ತು?"

"ಚೆನ್ನಾಗಿತ್ತು."

"ಮತ್ತೆ ಯಾಕೆ? ಹೊರಗಿನವಳು ನುಡಿಸಿದ್ದು ಅಂತಾನಾ? ಆ ಕೆಟ್ಟುಹೋದ ಟೇಪಿಗಿಂತ ನಾನು ಕಡೆಯಾದೆನಾ?"

ಅವನು ಮತ್ತೆ ಸೊಂಟ ಬಗ್ಗಿಸಿದ. ಆ ವಂದನೆ ನೋಡಿ ಅವಳ ಎದೆ ಒಡೆದೇ ಹೋಯಿತು.

"ಮಾರ್ಚಿಗೆ ನನ್ನ ಕರಾರು ಮುಗಿಯುತ್ತೆ. ನಾನು ಒಸಾಕಾಗೆ ಹೋಗ್ತೀನಿ."

'ಬೇಡ ಅನ್ನು... ಒಂದೇ ಒಂದು ಸಲ ಬೇಡ ಅನ್ನು!'

"...ಹೌದಾ," ಎಂದ ಸೋಸುಕೆ, ನೆಲ ನೋಡುತ್ತ. "ಮೈ ಹುಷಾರು."

ಹೊರಡುವ ಹಿಂದಿನ ದಿನ ಫುಸಾಯೆ ಅಜ್ಜಿ ಬಟ್ಟೆ ಮಡಿಸಿಕೊಡಲು ಮಹಡಿಗೆ ಬಂದಳು. ಇಬ್ಬರೂ ನೆಲದ ಚಾಪೆಯ ಮೇಲೆ ಕೂತಿದ್ದಾಗ ಐದಾಯಿತು. ರಾಗ ಶುರುವಾಗಿ, ಆ ಸ್ವರಕ್ಕೆ ಬಂದು ನಿಂತಿತು.

ಅಜ್ಜಿಯ ಕೈಯೂ ನಿಂತಿತು. ಅರ್ಧ ಮಡಿಸಿದ ಅಂಗಿ ಗಾಳಿಯಲ್ಲೇ ಇತ್ತು. ಸ್ವರ ಮುಂದೆ ಸಾಗಿದಾಗ ಕೈಯೂ ಸಾಗಿತು.

"ಅಜ್ಜಿ... ಯಾಕೆ ನಿಲ್ಲಿಸಿದ್ರಿ?"

"ನಿಲ್ಲಿಸಿದೆನಾ? ಅಭ್ಯಾಸ ಕಣೇ. ಸತ್ಸುಕೋ ನಿಂತಾಗ ಊರೇ ನಿಲ್ಲುತ್ತೆ."

"ಸತ್ಸುಕೋ ಯಾರು?"

ಅಜ್ಜಿ ಅವಳನ್ನೇ ದಿಟ್ಟಿಸಿದಳು. "ನಿನಗೆ ಯಾರೂ ಹೇಳಿಲ್ವಾ? ಅಯ್ಯೋ ನಮ್ಮ ಬಾಯಿಗಿಷ್ಟು! ಅವಳು ಸೋಸುಕೆಯ ಅಮ್ಮ. ಶಾಲೇಲಿ ಹಾಡು ಹೇಳಿಕೊಡ್ತಿದ್ದಳು. ಟೇಪಿಗೆ ಆರ್ಗನ್ ನುಡಿಸಿದ್ದು ಅವಳೇ."

ಲಿಗಾಯಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು.

"ಆವತ್ತು ಅವಳು ನುಡಿಸ್ತಾ ಇದ್ದಾಗ ಈ ಹುಡುಗ ಎಲ್ಲೋ ಬಿದ್ದು, ಅಮ್ಮನ್ನ ಹುಡುಕಿಕೊಂಡು ಬಾಗಿಲು ತೆಗೆದುಬಿಟ್ಟ. ಸಣ್ಣವನು, ಅಳ್ತಾ ನಿಂತಿದ್ದ. ಸತ್ಸುಕೋ ಒಂದು ಬೆರಳನ್ನ ಹಾಗೇ ಒತ್ತಿ ಹಿಡಿದು, ಇನ್ನೊಂದು ಕೈಲಿ ಅವನನ್ನ ಮಡಿಲಿಗೆ ಎಳ್ಕೊಂಡಳು. ಆಮೇಲೆ ಮುಂದಕ್ಕೆ ನುಡಿಸಿದಳು. ಮತ್ತೆ ಮಾಡೋಣ ಅಂದ್ರೆ, ಇರ್ಲಿ ಬಿಡಿ ಅಂದಳು. ಮುಂದಿನ ಚಳಿಗಾಲಕ್ಕೆ ಅವಳೇ ಇರಲಿಲ್ಲ."

ಅಜ್ಜಿ ತನ್ನ ಕೆಲಸದ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

"ಅವಳು ಬೆರಳು ಬಿಡೋದ್ರೊಳಗೆ ಮನೆ ಬಾಗಿಲು ಸೇರ್ಬೇಕು... ಈ ಊರಿನ ಮಕ್ಕಳ ಆಟವೇ ಅದು. ಸ್ವರ ನಿಂತಿತೋ, ಓಟ! ನೀನು ನುಡಿಸಿದ್ದು ಚೆನ್ನಾಗಿತ್ತು ತಾಯಿ, ಸುಳ್ಳಲ್ಲ. ಆದ್ರೆ ಅದರಲ್ಲಿ ಯಾರೂ ಕಾಯ್ತಿರಲಿಲ್ಲ. ಹಳೇದನ್ನೇ ಹಾಕಿ ಅಂತ ಫೋನ್ ಮಾಡಿದ್ದು ನಾವು ಮುದುಕಿಯರು."

"ಇಕುಮಾಸಾನ್ ಅಲ್ವಾ?"

"ಅವನಾ! 'ಟೀಚರ್ ನುಡಿಸಿದ್ದೇ ಇರಲಿ, ಅವರ ಕೈಯ ಸಂಗೀತ ಈ ಊರಲ್ಲಿ ನಿಲ್ಲಬೇಕು' ಅಂತ ಪುರಸಭೆಯ ಸಾಹೇಬರ ಮುಂದೆ ಮೇಜು ಗುದ್ದಿದನಂತೆ. ಜನ್ಮದಲ್ಲಿ ದನಿ ಏರಿಸದವನು. ಅವನಿಗೆ ಅಮ್ಮ ಅಂತ ಉಳಿದಿದ್ದು ಆ ಹಳೇ ಟೇಪೊಂದೇ. ಅದನ್ನೂ ನಿನಗೆ ಬಿಟ್ಟುಕೊಡೋಕೆ ಹೊರಟಿದ್ದ."

ಲಿಗಾಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಸ್ಸಿಳಿದ ದಿನ ನೆನಪಾಯಿತು. ಅವನ ತಾಯಿ ಕಾಯುತ್ತಿದ್ದ ಆ ಗಳಿಗೆಯನ್ನು ಕೇಳಿ ತಾನು ನಕ್ಕಿದ್ದಳು! ಅವನು ತನಗೇ ಕ್ಷಮೆ ಕೇಳಿದ್ದ! ನಿಜ ಹೇಳಿದರೆ ತನಗೆ ನಾಚಿಕೆಯಾದೀತೆಂದು ಎರಡು ವರ್ಷ ಬಾಯಿ ಬಿಗಿದುಕೊಂಡಿದ್ದ. ಅವಳು ಬಿಕ್ಕಿಬಿಕ್ಕಿ ಅತ್ತಳು. ಅಜ್ಜಿ ಅವಳ ಬೆನ್ನು ಸವರುತ್ತ ಕೂತಳು.

ಮರುದಿನ ಸಂಜೆ ಅವಳು ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಪಿಟೀಲು ಹಿಡಿದು ಪುರಸಭೆಯ ಮಹಡಿಯಲ್ಲಿದ್ದ ಪ್ರಸಾರದ ಕೋಣೆಗೆ ಹೋದಳು. ಸಾಹೇಬರು ಗಾಬರಿಯಾಗಿ ಎದ್ದರು.

"ಟೀಚರ್! ನಿಮ್ಮ ಬಸ್ಸು..."

"ಇವತ್ತು ಟೇಪು ಬೇಡ ಸಾರ್. ನಾನು ನುಡಿಸ್ತೀನಿ."

"ಅದು... ಊರಿನವರು ಮತ್ತೆ ಫೋನ್ ಮಾಡಿದ್ರೆ..."

"ಮಾಡಲ್ಲ. ಇಕುಮಾಸಾನ್ ಎಲ್ಲಿ?"

"ಅಲೆತಡೆ ಗೋಡೆಯ ತುದೀಲಿ ಕಂಬ ನೋಡೋಕೆ ಹೋಗಿದ್ದಾನೆ." ಸಾಹೇಬರು ದನಿ ತಗ್ಗಿಸಿದರು. "ಅಲ್ಲಿ ನೋಡೋ ಅಂಥದ್ದೇನಿಲ್ಲ. ನಿಮ್ಮ ಬಸ್ಸು ಹೊರಡೋದನ್ನ ನೋಡೋಕಾಗದೆ ಹೋಗಿರ್ಬೇಕು."

ಅವಳು ಮೈಕಿನ ಮುಂದೆ, ಕಿಟಕಿಗೆ ಎದುರಾಗಿ ನಿಂತಳು. ಕೆಳಗೆ ಬೀದಿ, ಬೀದಿಯ ಕೊನೆಗೆ ಬಂದರು, ಆಚೆಗೆ ಉದ್ದಕ್ಕೆ ಗೋಡೆ. ಗೋಡೆಯ ತುದಿಯಲ್ಲಿ ಒಂದು ನೀಲಿ ಜಾಕೆಟ್ಟು.

ಐದಾಯಿತು. ಅವಳು ನುಡಿಸತೊಡಗಿದಳು. ದೂರದಲ್ಲಿ ನೀಲಿ ಜಾಕೆಟ್ಟು ಥಟ್ಟನೆ ತಿರುಗಿತು.

ಆ ಸ್ವರ ಬಂತು. ಲಿಗಾಯಾ ಅದನ್ನು ಬಿಡಲಿಲ್ಲ.

ಕಮಾನು ಈ ತುದಿಯಿಂದ ಆ ತುದಿಗೆ ಹೋಗಿ, ಕಡಿಯದಂತೆ ಹಿಂದಕ್ಕೆ ಬಂತು. ಮಕ್ಕಳು ಓಡಿದರು. ಮೀನಂಗಡಿಯಾಕೆ ಕತ್ತಿ ಕೆಳಗಿಟ್ಟು ತಲೆಯೆತ್ತಿದಳು. ಒಂದೊಂದೇ ಬಾಗಿಲು ಮುಚ್ಚಿ, ಬೀದಿ ಬರಿದಾಯಿತು. ಸತ್ಸುಕೋ ಬೆರಳು ಬಿಟ್ಟಿದ್ದ ಹೊತ್ತು ದಾಟಿಹೋಯಿತು. ಸಾಹೇಬರು ಗಡಿಯಾರ ನೋಡಿ, ಅವಳ ಮುಖ ನೋಡಿ, ಮತ್ತೆ ಕುರ್ಚಿಯಲ್ಲಿ ಕೂತರು.

ಖಾಲಿ ಬೀದಿಯಲ್ಲಿ ಒಬ್ಬನೇ ಓಡಿ ಬರುತ್ತಿದ್ದ.

'ಬಾ... ಬಿಡಲ್ಲ ನಾನು, ಬಾ...'

ಕಣ್ಣೀರು ಗಲ್ಲದಿಂದ ಪಿಟೀಲಿನ ಮರಕ್ಕೆ ಇಳಿಯಿತು. ಸ್ವರ ಮಾತ್ರ ತುಂಡಾಗಲಿಲ್ಲ. ಮೆಟ್ಟಿಲ ಮೇಲೆ ದಡದಡ ಸದ್ದು... ಬಾಗಿಲು ತೆರೆಯಿತು.

ಸೋಸುಕೆ ಏದುಸಿರು ಬಿಡುತ್ತ, ಒದ್ದೆ ಮುಖ ಹೊತ್ತು ಹೊಸ್ತಿಲಲ್ಲಿ ನಿಂತಿದ್ದ. ಅವಳು ಅವನನ್ನೇ ನೋಡುತ್ತ ಮುಂದಿನ ಸ್ವರಕ್ಕೆ ಇಳಿದಳು, ರಾಗ ಮುಗಿಸಿದಳು. ಸಾಹೇಬರು ಮೈಕು ಆರಿಸಿ, ಕೆಮ್ಮುತ್ತ ಹೊರಗೆ ನಡೆದರು.

"ನಾನು ಅವತ್ತು ನಕ್ಕೆ," ಎಂದಳು ಲಿಗಾಯಾ. "ನನ್ನನ್ನ ಕ್ಷಮಿಸಿ."

"ನಿಮಗೆ ಗೊತ್ತಿರಲಿಲ್ಲ."

"ಹೇಳ್ಬಹುದಿತ್ತಲ್ಲ! ಮುಖ ತೋರಿಸೋದನ್ನೇ ಬಿಟ್ರಿ."

"ನಿಮ್ಮ ಮುಖ ನೋಡಿದ್ರೆ ಹೇಳಿಬಿಡ್ತಿದ್ದೆ. ಹೇಳಿದ್ರೆ ನೀವು ನಿಮ್ಮ ಸಂಗೀತ ಬಿಟ್ಟು ಅಮ್ಮನದನ್ನ ನುಡಿಸ್ತಿದ್ರಿ." ಅವನ ದನಿ ಒಡೆಯಿತು. "ನನಗೆ ನೀವು ಬೇಕಾಗಿತ್ತು. ನೀವು ಈ ಊರಲ್ಲಿ ಇರ್ಬೇಕಾಗಿತ್ತು. ಅದಕ್ಕೆ ಏನು ಮಾಡ್ಬೇಕು ಅಂತ ಗೊತ್ತಾಗಲಿಲ್ಲ."

"ಹೋಗ್ಬೇಡ ಅಂದಿದ್ರೆ ಸಾಕಾಗಿತ್ತು."

ಅವನು ಎರಡು ಹೆಜ್ಜೆ ಮುಂದೆ ಬಂದು, ತಣ್ಣಗಾಗಿದ್ದ ಅವಳ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡ. ಈ ಸಲ ತಲೆ ತಗ್ಗಿಸಲಿಲ್ಲ.

"ಹೋಗ್ಬೇಡಿ. ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಅಳುತ್ತಲೇ ನಕ್ಕಳು. ಹೊರಗೆ ಬೀದಿಯ ದೀಪ ಹತ್ತಿಕೊಂಡವು.

"ಇನ್ನೊಂದು ಮಾತು ಮರೆತ್ರಿ."

"ಏನು?"

"ಇಷ್ಟು ದೂರ ಓಡಿ ಬಂದು ಬಾಗಿಲು ತೆಗೆದ್ರಲ್ಲ... ಈ ಊರಲ್ಲಿ ಏನಂತಾರೆ?"

ಸೋಸುಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಮಾತನ್ನು ಅವನೂ ಬಹಳ ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ.

"ಬಂದೆ," ಎಂದ, ಮೆಲ್ಲಗೆ.

ಲಿಗಾಯಾ ಅವನ ಎದೆಗೆ ಹಣೆಯೂರಿದಳು.

"ಬಂದ್ಯಾ."